ದಪ್ಪಗಾದ ಬಲಗೈ

ಜುಲೈ 14, ಭಾನುವಾರ, ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ, ಮೂಡಲಗಿ. ಗದೆಯನ್ನು ತಲೆಯ ಹಿಂದಿನಿಂದ ಸುತ್ತಿ ಮುಂದಕ್ಕೆ ತರುವಾಗ ಬಲಗೈ ಇದ್ದಕ್ಕಿದ್ದಂತೆ ಭಾರವಾಯಿತು. ನೋವಿರಲಿಲ್ಲ. ಮಳೆಗೆ ನೆನೆದ ಗಾದಿಯನ್ನು ಹೆಗಲ ಮೇಲೆ ಹೊತ್ತ ಹಾಗಿತ್ತು. ಅವತ್ತಿನ ಲೆಕ್ಕದಲ್ಲಿ ಇನ್ನೂ ನಲವತ್ತು ಸುತ್ತು ಬಾಕಿ ಇದ್ದವು. ಮುಗಿಸಿದೆ. ಸರ್ ಶಾಭಾಷ್ ಅಂದರು.

ಆ ಶಾಭಾಷ್ ನೆನಪಾದರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ.

ನನ್ನ ಹೆಸರು ಶಬಾನಾ. ಹತ್ತೊಂಬತ್ತು ವರ್ಷ. ಅಪ್ಪನದು ಗಾದಿ ಮಾಡುವ ಅಂಗಡಿ, ಅವ್ವ ಮನೆಯಲ್ಲಿ ಕುಪ್ಪಸ ಹೊಲಿಯುತ್ತಾಳೆ. ನಾನು ಕಾಲೇಜಿನ ಸಾಫ್ಟ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು. ಆಗಿದ್ದೆ ಅಂತ ಬರೆಯಬೇಕೋ, ಆಗಿದ್ದೇನೆ ಅಂತಲೋ, ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದವಾಖಾನೆಯಲ್ಲಿ ಕುಳಿತಾಗ ನನ್ನಂಥವರು ಯಾರಾದರೂ ಇದ್ದಾರೆಯೇ ಎಂದು ಫೋನಿನಲ್ಲಿ ಕನ್ನಡದಲ್ಲಿ ಹುಡುಕಿದೆ. ಊತಕ್ಕೆ ಅರಿಶಿನ ಹಚ್ಚುವ ವಿಡಿಯೋ ಸಿಕ್ಕಿತು. ತೋಳಿನ ಬೊಜ್ಜು ಕರಗಿಸುವ ವಿಡಿಯೋ ಸಿಕ್ಕಿತು. ಬೇರೇನೂ ಇಲ್ಲ.

ಸಾಫ್ಟ್‌ಬಾಲ್ ನೋಡದವರಿಗೆ ಒಂದು ಮಾತು. ಇದರಲ್ಲಿ ಚೆಂಡನ್ನು ಕ್ರಿಕೆಟ್ಟಿನಂತೆ ಮೇಲಿನಿಂದ ಎಸೆಯುವುದಿಲ್ಲ. ಕೈಯನ್ನು ಭುಜದಿಂದ ಪೂರ್ತಿ ಒಂದು ಸುತ್ತು ಗಿರಕಿ ಹೊಡೆಸಿ, ತೊಡೆಯ ಪಕ್ಕದಿಂದ ಬಿಡುತ್ತೇವೆ. ಆ ಗಿರಕಿಯಲ್ಲೇ ಎಲ್ಲ ಬಲ.

ನಮ್ಮ ಪಿ.ಟಿ. ಸರ್, ದುಂಡಪ್ಪ ಸರ್, ಮೊದಲು ಪೈಲ್ವಾನರು. ಕಿವಿ ಮುದ್ದೆಯಾಗಿವೆ, ಕುತ್ತಿಗೆ ಇಲ್ಲವೇ ಇಲ್ಲ. ಸಾಫ್ಟ್‌ಬಾಲನ್ನು ಅವರು ಕಲಿತದ್ದು ನಮಗೆ ಕಲಿಸಬೇಕಾಗಿ ಬಂದ ಮೇಲೆ. ನನ್ನ ಎಸೆತವನ್ನು ಒಂದು ವಾರ ಸುಮ್ಮನೆ ನೋಡಿ ಹೇಳಿದರು: "ಇದ ಗದಾ ತಿರುವೂದ ಐತಲ್ಲವಾ. ಅದ ಸುತ್ತು. ಗದಾ ತಿರುವಿದರ ಚೆಂಡ ತಾನ ಓಡತೈತಿ."

ಹೀಗೆ ನಾವು ಆರು ಜನ ಹುಡುಗಿಯರು ತಾಲೀಮು ಮನೆಯ ಹಿಂದಿನ ಬಯಲಿಗೆ ಹೋಗಲು ಶುರುಮಾಡಿದೆವು. ಒಳಗೆ ಕೆಂಪು ಮಣ್ಣಿನ ಅಖಾಡ. ಅದರೊಳಗೆ ಹುಡುಗಿಯರು ಕಾಲಿಡುವಂತಿಲ್ಲ. ಗದೆ ಮಾತ್ರ ಹೊರಗೆ ಬರುತ್ತಿತ್ತು. ನನಗೆ ದಿನಕ್ಕೆ ಇನ್ನೂರು ಸುತ್ತು, ನೂರು ಬೈಠಕ್. ಆಮೇಲೆ ಹಳೆಯ ಟ್ರ್ಯಾಕ್ಟರ್ ಟೈರನ್ನು ಬ್ಯಾಟಿನಿಂದ ಬಡಿಯುವುದು, ಸೊಂಟದಿಂದ ತಿರುಗಿ, ಎಡಕ್ಕೆ ಐವತ್ತು, ಬಲಕ್ಕೆ ಐವತ್ತು. ಕಾಕಾಗಳು ಹಾಲಿನ ಕ್ಯಾನು ನೇತುಹಾಕಿದ ಬೈಕು ನಿಲ್ಲಿಸಿ ನೋಡುತ್ತಿದ್ದರು. "ಕುಸ್ತಿಗೆ ಬಿಡತೀರೇನ್ರಿ ಸರ, ಇವರ್ನ?" "ನಿನ್ನ ಮಗನ್ನ ಕಳಸು, ಜೋಡಿ ಹಚ್ಚೂಣು." ಸರ್ ಯಾರಿಗೂ ಬಾಕಿ ಉಳಿಸಿಕೊಳ್ಳುತ್ತಿರಲಿಲ್ಲ.

ಗದೆ ಕೆಲಸ ಮಾಡಿತು. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಸುಳ್ಳು ಬರೆದರೆ ಯಾರಿಗೂ ಉಪಯೋಗವಿಲ್ಲ. ಮಾರ್ಚಿನಲ್ಲಿ ಐವತ್ತು ಎಸೆತಕ್ಕೆ ಇಪ್ಪತ್ತೊಂದು ಸರಿಯಾಗಿ ಬೀಳುತ್ತಿದ್ದವು. ಜುಲೈ ಮೊದಲ ವಾರ ಮೂವತ್ತೆಂಟು. ನನ್ನ ಎಸೆತ ಹಿಡಿಯುವ ಕ್ಯಾಚರ್ ಸುವರ್ಣಾ, ಕೌಜಲಗಿಯಾಕೆ, ಗ್ಲೌಸಿನೊಳಗೆ ಅರಿವೆ ಮಡಚಿ ಇಟ್ಟುಕೊಳ್ಳತೊಡಗಿದ್ದಳು. "ಸಾವಕಾಶ ಒಗಿ ಬೇ, ಈ ಕೈಲೆ ನಾ ಮನ್ಯಾಗ ರೊಟ್ಟಿ ಬಡೀಬೇಕು." ಮತ್ತೆ ಟೈರು ಬಡಿದದ್ದರಿಂದ ನಾನು ಹೊಡೆದ ಚೆಂಡು ಮೊದಲ ಸಲ ಬಯಲಿನ ಆಚೆಯ ಕಬ್ಬಿನೊಳಗೆ ಬಿತ್ತು. ಜುಲೈ 21ಕ್ಕೆ ಗೋಕಾಕದಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಆಯ್ಕೆಯಾದರೆ ಅಪ್ಪ ಇನ್ನೊಂದು ವರ್ಷ ಆಡಲು ಬಿಡುವುದಾಗಿ ಹೇಳಿದ್ದ.

ಸರ್ ನಮ್ಮ ತೋಳಿನ ಅಳತೆ ಕೇಳುತ್ತಿದ್ದರು, ಪೈಲ್ವಾನರು ಕೇಳುವ ಹಾಗೆ. ರಟ್ಟೆ ಬೆಳೆದರೆ ಕಸುವು ಬೆಳೆದಂತೆ. ನಾನು ಮಂಗಳವಾರಕ್ಕೊಮ್ಮೆ ಅವ್ವನ ಟೇಪಿನಿಂದ ಬಲಗೈ ಅಳೆದು ಬರೆದಿಡುತ್ತಿದ್ದೆ. ನಾಲ್ಕು ತಿಂಗಳಲ್ಲಿ ಇಪ್ಪತ್ತಾರರಿಂದ ಇಪ್ಪತ್ತೇಳು ಸೆಂಟಿಮೀಟರ್. ಜುಲೈ 16ರ ಮಂಗಳವಾರ ಇಪ್ಪತ್ತೊಂಬತ್ತೂವರೆ.

ಒಂದೇ ವಾರದಲ್ಲಿ ಎರಡೂವರೆ. ನಾನು ಹಿಗ್ಗಿದೆ. ಟೇಪು ಸುತ್ತಿದ ತೋಳಿನ ಫೋಟೋ ತಂಡದ ಗುಂಪಿಗೆ ಹಾಕಿದೆ. ಸರ್ ಎಲ್ಲ ಹುಡುಗಿಯರನ್ನೂ ಕರೆದು ನನ್ನ ತೋಳು ಹಿಡಿದು ತೋರಿಸಿದರು. "ನೋಡ್ರಿ. ಗಟ್ಟಿ ಹೆಂಗಾಗೇತಿ ನೋಡ್ರಿ. ನೀವೆಲ್ಲಾ ಬರೇ ಚುರುಮರಿ ತಿಂತೀರಿ." ಚರ್ಮ ಬಿಗಿದು ಹೊಳೆಯುತ್ತಿತ್ತು. ಎಲ್ಲರೂ ಮುಟ್ಟಿ ನೋಡಿದರು. ಎಡಗೈ ಎಷ್ಟಿದೆ ಎಂದು ಒಬ್ಬರೂ ಕೇಳಲಿಲ್ಲ, ಎಸೆಯದ ಕೈ ಯಾರಿಗೆ ಬೇಕು.

ಗುರುವಾರದ ಹೊತ್ತಿಗೆ ಭುಜದ ಮೇಲೆ, ಕಾಲರ್ ಎಲುಬಿನ ಕೆಳಗೆ, ನೀಲಿ ನರಗಳು ಎದ್ದು ಕಾಣತೊಡಗಿದವು. ಕೈ ಇಳಿಬಿಟ್ಟರೆ ಬೆರಳು ನೇರಳೆ ಹಣ್ಣು ತಿಂದಂತೆ ಬಣ್ಣಗೆಡುತ್ತಿದ್ದವು. ಸರ್‌ಗೆ ತೋರಿಸಿದೆ.

"ಪೈಲ್ವಾನರ ನರ ಹಿಂಗ ಏಳತಾವ. ನಂದೂ ಎದ್ದಿದ್ದುವು."

"ಬೆರಳ ಕಪ್ಪಾಗಾಕತ್ತಾವರಿ ಸರ."

"ರಕ್ತ ತುಂಬೈತಿ ಅಂದಂಗಾತು. ಹೆದರಬ್ಯಾಡ. ಸುತ್ತು ಕಡಿಮಿ ಮಾಡಬ್ಯಾಡ."

ರಕ್ತ ತುಂಬಿದೆ ಎಂಬುದು ನಿಜವಾಗಿತ್ತು. ಅದಕ್ಕೆ ವಾಪಸು ಹೋಗಲು ದಾರಿ ಇರಲಿಲ್ಲ, ಅಷ್ಟೇ.

ಜುಲೈ 21, ಗೋಕಾಕ. ಆಯ್ಕೆ ಮಾಡುವವರು ಮೂವರು, ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದರು. ನನಗೆ ಹತ್ತು ಎಸೆತ. ಮೊದಲನೆಯದು ಸುವರ್ಣಾಳ ತಲೆಯ ಮೇಲಿನಿಂದ ಹೋಯಿತು. ಎರಡನೆಯದು ನೆಲಕ್ಕೆ. ಚೆಂಡು ಬೆರಳಲ್ಲಿ ನಿಲ್ಲುತ್ತಲೇ ಇರಲಿಲ್ಲ, ಕೈಚೀಲದೊಳಗೆ ಇಟ್ಟು ಬೀಸಿದಂತೆ. ಹತ್ತರಲ್ಲಿ ಒಂದು ಸರಿಯಾಗಿ ಬಿತ್ತು. ಕುರ್ಚಿಯಿಂದ ಒಬ್ಬರು, "ಸರ, ಇವರು ಚೆಂಡ ಒಗಿಯೋರೋ, ಪಾರಿವಾಳ ಬಿಡೋರೋ?" ಅಂದರು. ಉಳಿದಿಬ್ಬರು ನಕ್ಕರು.

ಸರ್ ಅವರಿಗೆ ಏನೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಕೇಳುವಂತೆ ಸುವರ್ಣಾಗೆ ಹೇಳಿದರು: "ಮೈಗಳ್ಳತನ. ಮಂದಿ ಮುಂದ ನಿಂತಕೂಡ್ಲೆ ಕೈ ಬಿಟ್ಟಳ."

ಆ ಮಾತನ್ನು ನಾನು ಮನ್ನಿಸಿಲ್ಲ. ಮನ್ನಿಸುವ ವಿಚಾರವೂ ಇಲ್ಲ.

ಮರುದಿನ ಹುಕ್ಕೇರಿಯ ಅತ್ತೆ, ಅಪ್ಪನ ಅಕ್ಕ, ಫೋನಿನಲ್ಲೇ ರೋಗ ಕಂಡುಹಿಡಿದಳು. "ನರ ಮ್ಯಾಲ ನರ ಏರೈತಿ. ಇಲ್ಲೊಬ್ಬರು ತಿಕ್ಕತಾರ, ಕರಕೊಂಡ ಬಾ." ಅಪ್ಪ ಅಂಗಡಿ ಮುಚ್ಚಿ ಕರೆದುಕೊಂಡು ಹೋದ. ಹುಕ್ಕೇರಿಯ ಬಾಜೂ ಹಳ್ಳಿ. ಪಡಸಾಲೆಯಲ್ಲಿ ನಮಗಿಂತ ಮೊದಲು ಬಂದವರು ಸಾಲಾಗಿ ಕುಳಿತಿದ್ದರು, ಸೊಂಟ ಹಿಡಿದವರು, ಕಾಲು ಉಳುಕಿದವರು. ತಿಕ್ಕುವವರು ಒಳ್ಳೆಯ ಮನುಷ್ಯರು ಎಂದು ಎಲ್ಲರೂ ಹೇಳಿದರು. ಇರಬಹುದು. ಬಿಸಿ ಎಣ್ಣೆ ಹಾಕಿ ಮುಂಗೈಯಿಂದ ಕಂಕುಳವರೆಗೆ, ಕೆಳಗಿನಿಂದ ಮೇಲಕ್ಕೆ, ಎರಡೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದರು. ನಾನು ಕೂಗಿದೆ. "ಕೂಗಲಿ, ಗಂಟ ಬಿಡಾಕತ್ತೈತಿ" ಅಂದರು. ಅತ್ತೆ ನನ್ನ ಎರಡೂ ಭುಜ ಹಿಡಿದುಕೊಂಡಿದ್ದಳು. ಆಮೇಲೆ ಬಿಗಿಯಾಗಿ ಪಟ್ಟಿ ಕಟ್ಟಿ ಕಳಿಸಿದರು.

ಇದನ್ನು ಓದುವವರು ಬೇರೇನು ಮರೆತರೂ ಇದೊಂದು ನೆನಪಿಡಿ: ಒಂದೇ ಕೈ ಬಾತು, ಬಣ್ಣ ತಿರುಗಿ, ನರ ಎದ್ದರೆ ಯಾರಿಂದಲೂ ತಿಕ್ಕಿಸಬೇಡಿ. ಅತ್ತೆ ಹೇಳಿದರೂ ಬೇಡ.

ಜುಲೈ 24, ಬುಧವಾರ, ಮುಂಜಾನೆ. ಉಸಿರು ಒಳಗೆಳೆದಾಗ ಬಲಪಕ್ಕೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಅರ್ಧ ಉಸಿರಿನ ಮೇಲೆ ಎಳೆಯಲು ಆಗಲಿಲ್ಲ. ಅವ್ವ ಹೊಲಿಯುವ ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿ, ಅಪ್ಪನಿಗೆ ಒಂದೇ ಮಾತು ಹೇಳಿದಳು: "ಇನ್ನ ನಿಮ್ಮಕ್ಕನ್ನ ಕೇಳಬ್ಯಾಡ್ರಿ."

ಕಲ್ಲೋಳಿ ದಾಟಿ ಗೋಕಾಕಕ್ಕೆ, ಬಾಡಿಗೆ ಗಾಡಿಯಲ್ಲಿ. ದವಾಖಾನೆಯ ಹೊರಗಿನ ಬೆಂಚಿನಲ್ಲಿ ನಮ್ಮ ಪಾಳಿ ಬರಲು ಎರಡು ತಾಸು. ಮೊದಲ ಅರ್ಧ ತಾಸು ನಾನು ಉಸಿರು ಎಣಿಸುತ್ತಿದ್ದೆ, ಆಮೇಲೆ ಬಿಟ್ಟೆ. ಬಾಜೂ ಕುಳಿತ ಅಜ್ಜಿ ಪಟ್ಟಿಯಿಂದ ಹೊರಗೆ ಬಂದ ನನ್ನ ನೀಲಿ ಬೆರಳುಗಳನ್ನು ಬಹಳ ಹೊತ್ತು ನೋಡಿದಳು.

"ಗಂಡ ಹೊಡದಾನೇನವಾ?"

"ಮದುವಿ ಆಗಿಲ್ಲರಿ."

"ಹಂಗಾರ ಅಪ್ಪ ಹೊಡದಾನ."

ಅಪ್ಪ ನನ್ನ ಇನ್ನೊಂದು ಬಾಜೂ ಕುಳಿತಿದ್ದ. ನೆಲ ನೋಡುತ್ತಾ, "ಚೆಂಡ ಹೊಡದೈತ್ರಿ" ಅಂದ. ಅಜ್ಜಿ ನಂಬಲಿಲ್ಲ. ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು, ಸುಲಿದು, ನನ್ನ ಎಡಗೈಗೆ ಕೊಟ್ಟಳು. ಅಪ್ಪನ ಕಡೆ ಕಣ್ಣು ಕೆಕ್ಕರಿಸಿ ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕುಳಿತಳು. ಆ ದಿನ ನನಗೆ ಸಿಕ್ಕ ಮೊದಲ ಕರುಣೆ ಅದು, ಅದೂ ತಪ್ಪು ತಿಳಿದು.

ಒಳಗಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಈ ಕಡೆಯವರಲ್ಲ. ಪಟ್ಟಿ ಬಿಚ್ಚಿಸಿದರು. ತಿಕ್ಕಿದ ಗುರುತು ನೋಡಿ ಮುಖ ಗಂಟಿಕ್ಕಿದರು. ನಾನು ಅಳತೆಗಳನ್ನು ದಿನಾಂಕದ ಸಮೇತ ಹೇಳತೊಡಗಿದೆ. ಅವರು ಮಧ್ಯದಲ್ಲೇ ತಡೆದರು.

"ಎಡಗೈ ಎಷ್ಟಿದೆ?"

"ಎಡಗೈ ಅಳದಿಲ್ಲರಿ."

ಅವರೇ ಅಳೆದರು. ಎಡಗೈ ಇಪ್ಪತ್ತಾರು. ಬಲಗೈ ಮೂವತ್ತೊಂದು. "ಗದೆ ತಿರುಗಿಸಿ ಯಾರಿಗೂ ಹತ್ತು ದಿನದಲ್ಲಿ ಇಷ್ಟು ತೋಳು ಬರುವುದಿಲ್ಲ" ಎಂದರು. ಸ್ಕ್ಯಾನ್ ಆಯಿತು. ಕಂಕುಳಿನಿಂದ ಕಾಲರ್ ಎಲುಬಿನವರೆಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ನಿಂತಿತ್ತು. ಅದರ ಒಂದು ಚೂರು ಕಿತ್ತು ಶ್ವಾಸಕೋಶಕ್ಕೆ ಹೋಗಿತ್ತು. ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಟ್ಟು, ಮಧ್ಯಾಹ್ನ ಊಟಕ್ಕೂ ಬಿಡದೆ ಬೆಳಗಾವಿಗೆ ಕಳಿಸಿದರು. ಗಾಡಿಯಲ್ಲಿ ಅಪ್ಪ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ: "ಉಸರು ಬರಾಕತ್ತೈತಿಲ್ಲ?"

ಬೆಳಗಾವಿಯಲ್ಲಿ ಒಂಬತ್ತು ದಿನ. ಮೊಣಕೈಯಿಂದ ನಾಳದೊಳಗೆ ನಳಿಗೆ ತೂರಿಸಿ ಔಷಧ ಬಿಟ್ಟರು. ತಡವಾಗಿ ಬಂದಿದ್ದರಿಂದ ಹೆಪ್ಪು ಪೂರ್ತಿ ಕರಗಲಿಲ್ಲ. ಕಲಿಯುವ ಡಾಕ್ಟರುಗಳು ಗುಂಪು ಗುಂಪಾಗಿ ಕೈ ನೋಡಲು ಬರುತ್ತಿದ್ದರು. ಒಬ್ಬ ಕೇಳಿದ, "ಜಿಮ್ಮಿಗೆ ಹೋಗತಿದ್ರೇನು?" "ಇಲ್ಲರಿ. ಗದಾ." "ಹನುಮಪ್ಪನ ಗದಾನ?" ಹಿಂದಿನ ಇಬ್ಬರು ನೋಟ್‌ಬುಕ್ಕಿನಿಂದ ಬಾಯಿ ಮುಚ್ಚಿಕೊಂಡರು. ಮಾರನೇ ದಿನ ಅದೇ ಹುಡುಗ ಬಂದಾಗ ಅವ್ವ ನನ್ನ ಕೈ ಮೇಲೆ ಚಾದರ ಎಳೆದು ಹೇಳಿದಳು: "ನಿನ್ನೆ ನೋಡೀರಲ್ಲ. ಅದ ಕೈ ಐತಿ."

ದೊಡ್ಡ ಡಾಕ್ಟರು ಸಮಾಧಾನದ ಮನುಷ್ಯ. ನನಗೆ ಸಮಾಧಾನ ಬೇಕಿರಲಿಲ್ಲ. ಯಾರ ತಪ್ಪು ಎಂದು ಅವರ ಬಾಯಿಂದ ಕೇಳಬೇಕಿತ್ತು. ಅವರು ಹೇಳಲಿಲ್ಲ. ಮೊದಲ ಪಕ್ಕೆಲುಬಿಗೂ ಕಾಲರ್ ಎಲುಬಿಗೂ ನಡುವಿನ ಸಂದು ನನಗೆ ಹುಟ್ಟಿನಿಂದಲೇ ಇಕ್ಕಟ್ಟು, ಅಲ್ಲಿನ ಮಾಂಸಖಂಡ ಬೆಳೆದಂತೆ ಅದು ಇನ್ನೂ ಇಕ್ಕಟ್ಟಾಗಿದೆ, ಪ್ರತಿ ಸುತ್ತಿಗೂ ನಾಳ ಅಲ್ಲಿ ಸಿಕ್ಕು ನಲುಗಿದೆ ಎಂದರು. "ಗದೆಯಿಂದಲೂ ಆಗಬಹುದು, ಚೆಂಡಿನಿಂದಲೂ ಆಗಬಹುದು. ಸಾವಿರ ಜನ ತಿರುಗಿಸಿದರೂ ಏನೂ ಆಗದೆ ಇರಬಹುದು."

"ಸರ ಸುತ್ತು ಕಡಿಮಿ ಮಾಡಬ್ಯಾಡ ಅಂದ್ರರಿ. ಬೆರಳ ಕಪ್ಪಾದ ಮ್ಯಾಲೂ."

"ಅದು ತಪ್ಪು" ಎಂದರು. ಅಷ್ಟೇ, ಎರಡೇ ಶಬ್ದ. ನನಗೆ ಸಾಲಲಿಲ್ಲ, ಆದರೂ ಬರೆದಿಟ್ಟುಕೊಂಡೆ.

ಆಮೇಲೆ ಅವರು ಎರಡು ದಾರಿ ಹೇಳಿದರು. ಒಂದು, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಂಡು, ಕೈಯನ್ನು ತಲೆಯ ಮೇಲೆತ್ತುವ ಭಾರದ ಕೆಲಸವನ್ನೆಲ್ಲ ಬಿಟ್ಟು ಬದುಕುವುದು. ಎಸೆತ ಬಂದ್. ಇನ್ನೊಂದು, ಆಪರೇಷನ್ ಮಾಡಿಸಿ ಆ ಪಕ್ಕೆಲುಬನ್ನೇ ತೆಗೆಸುವುದು. ನಾಳಕ್ಕೆ ಜಾಗವಾದರೆ ಮತ್ತೆ ಆಡಬಹುದು. "ಆಡಬಹುದು ಅಂದೆ, ಆಡುತ್ತೀಯ ಅನ್ನಲಿಲ್ಲ. ಆರು ತಿಂಗಳೊಳಗೆ ಮನೆಯಲ್ಲಿ ಯೋಚಿಸಿ ಹೇಳಿ."

ಮನೆಯಲ್ಲಿ ಯೋಚಿಸಿದ್ದು ಹೀಗೆ. ಅತ್ತೆ ಹುಕ್ಕೇರಿಯಿಂದ ಬಂದು ಎರಡು ದಿನ ಇದ್ದಳು. ತಿಕ್ಕಿಸಿದ್ದರ ಬಗ್ಗೆ ಒಂದು ಮಾತಿಲ್ಲ. "ಎಲುಬು ತಗಸಿದ ಹುಡುಗಿ ಅಂದರ ಯಾರ ಬರತಾರ ನೋಡಾಕ? ಬಿದ್ದ ಕೈಗೆ ಪೆಟ್ಟಾಗೈತಂತ ಹೇಳ್ರಿ." ನಾನು ಬಾಗಿಲಲ್ಲಿ ನಿಂತು ಹೇಳಿದೆ: "ಅತ್ತಿ, ತಿಕ್ಕಿಸಿದವರ ಹೆಸರ ಸೇರಿಸೇ ಹೇಳತೇನಿ ಎಲ್ಲಾರಿಗೂ." ಅವಳು ಮುಂದಿನ ಬಸ್ಸಿಗೇ ಹೋದಳು. ನಾನು ಕಳಿಸಲು ಹೋಗಲಿಲ್ಲ. ಹೆಸರನ್ನು ಇಲ್ಲಿ ಬರೆದಿಲ್ಲ, ಅದು ಅವಳಿಗಾಗಿ ಅಲ್ಲ, ಅಪ್ಪನಿಗಾಗಿ.

ಮಲಗಿದಾಗ ಕೈ ಎದೆಗಿಂತ ಎತ್ತರದಲ್ಲಿರಬೇಕು ಎಂದು ಡಾಕ್ಟರು ಹೇಳಿದ್ದರು. ಅಪ್ಪ ಅಂಗಡಿಯಲ್ಲಿ ಹತ್ತಿ ಹಿಂಜಿ, ಕೈಗೆಂದೇ ಒಂದು ಉದ್ದನೆಯ ದಿಂಬು ಮಾಡಿ ತಂದ. ಎತ್ತರ ಹೆಚ್ಚಾಯಿತು. ಬಿಚ್ಚಿ ಮತ್ತೆ ಹೊಲಿದ. ಮೊಣಕೈ ಜಾರಿತು. ಮೊಣಕೈಗೆ ತಗ್ಗು ಬಿಟ್ಟು ಮೂರನೇ ಸಲ ಹೊಲಿದ. ಈಗ ನಾನು ಮಲಗುವುದು ಅದರ ಮೇಲೆ ಕೈ ಇಟ್ಟೇ. ಅವ್ವ ದಿನಾ ಮುಂಜಾನೆ ಟೇಪು ತಂದು ಎರಡೂ ತೋಳು ಅಳೆಯುತ್ತಾಳೆ. ಈ ವಾರ ಬಲಗೈ ಇಪ್ಪತ್ತೇಳೂವರೆ. ಬೆರಳಿನ ಬಣ್ಣ ಮರಳಿದೆ. ಬಕೆಟ್ ಎತ್ತಿದರೆ ಮಾತ್ರ ಜೋಮು ಹಿಡಿಯುತ್ತದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂದರೆ ಗುಳಿಗೆ ಹೆಚ್ಚಾಗಿದೆಯೇ ಎಂದು ಗೋಕಾಕಕ್ಕೆ ಹೋಗಿ ರಕ್ತ ಕೊಟ್ಟು ಬರುತ್ತೇನೆ. ಇದಕ್ಕೆ ರೂಢಿಯಾಗಿದ್ದೇನೆ.

ದುಂಡಪ್ಪ ಸರ್ ಸೆಪ್ಟೆಂಬರ್ 8ರಂದು ಮನೆಗೆ ಬಂದರು, ಮೋಸಂಬಿ ಹಿಡಿದುಕೊಂಡು. ಅಪ್ಪ ಕುರ್ಚಿ ಹಾಕಿದ. ಅವರು ಕುಳಿತು ನನ್ನ ಕೈ ನೋಡಿದರು.

"ಇಳದೈತಲ್ಲ."

"ಇಳದೈತ್ರಿ. ಈಗೂ ಗದಾ ತಿರುವಾಕತ್ತಾರೇನ್ರಿ ಸರ, ಉಳದಾವ್ರು?"

"ಒಬ್ಬಾಕಿಗೆ ಹಿಂಗಾತಂತ ತಾಲೀಮ ಬಿಡೂದನವಾ? ಡಾಕ್ಟರ ಹುಟ್ಟಿನಿಂದ ಇತ್ತಂತ ಹೇಳ್ಯಾರಂತಲ್ಲ."

"ಹೇಳ್ಯಾರ್ರಿ. ನೀವ ಮೈಗಳ್ಳಿ ಅಂದದ್ದು ಹುಟ್ಟಿನಿಂದ ಇರಲಿಲ್ಲರಿ."

ಅಪ್ಪ ನನ್ನನ್ನು ಗದರಲಿಲ್ಲ. ಸರ್ ಮೋಸಂಬಿಯ ಚೀಲವನ್ನು ಕುರ್ಚಿಯ ಕಾಲಿಗೆ ಒರಗಿಸಿಟ್ಟರು. "ಆವತ್ತ ನಾನೂ ಸೋತಿದ್ದೆ ನೋಡವಾ" ಅಂದರು. ಅದು ಕ್ಷಮೆಯಾ, ನೆವವಾ, ನನಗೆ ಬೇಡ. ಮೋಸಂಬಿಯನ್ನು ಬಾಜೂ ಮನೆಗೆ ಕೊಟ್ಟೆ.

ಸುವರ್ಣಾ ಬಂದದ್ದು ಅದರ ಮರುವಾರ. ಬಂದವಳೇ ಹಾಸಿಗೆಯ ಅಂಚಿನಲ್ಲಿ ಕುಳಿತು ಹೇಳಿಬಿಟ್ಟಳು: "ನನ್ನ ಪಿಚರ್ ಮಾಡ್ಯಾರ. ಬೈಯುದಿದ್ದರ ಈಗ ಬೈದಬಿಡು, ಬಸ್ ಐತಿ ನಂಗ." ಬೈದೆ. ಪೂರ್ತಿ ಬೈದೆ. ಅವಳು ಕೇಳಿಸಿಕೊಂಡಳು. ಆಮೇಲೆ ಅವ್ವನ ಟೇಪು ತಂದು ಅವಳ ಎರಡೂ ತೋಳು ಅಳೆದೆ. ಎರಡೂ ಇಪ್ಪತ್ತೈದು. ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅಳೆಯಲಿಲ್ಲ. ಪ್ರತಿ ವಾರ ಎರಡೂ ಕೈ ಅಳೆದು ಕಳಿಸಬೇಕು, ಇಲ್ಲದಿದ್ದರೆ ತಾಲೀಮು ಮನೆಗೆ ಬಂದು ಗದೆ ಬಾವಿಗೆ ಹಾಕುತ್ತೇನೆ ಅಂದೆ. ಕಳಿಸುತ್ತಿದ್ದಾಳೆ.

ಉಳಿದದ್ದು ಪಕ್ಕೆಲುಬಿನ ಮಾತು. ನನಗೆ ಆಪರೇಷನ್ ಬೇಕು. ಸಹಿ ಹಾಕುವ ವಯಸ್ಸು ನನಗಾಗಿದೆ, ಆದರೆ ಅಪ್ಪನನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋಗಿ ಮಲಗಲಾರೆ. ಈ ವಿಷಯಕ್ಕೆ ಮನೆಯಲ್ಲಿ ತಟ್ಟೆ ಎತ್ತಿಟ್ಟು ಊಟ ಬಿಟ್ಟದ್ದೂ ಆಗಿದೆ. ಅವ್ವನದು ಒಂದೇ ವಾದ, ಜೀವ ಉಳಿದದ್ದೇ ಸಾಕು. ಕಳೆದ ಶುಕ್ರವಾರ ನಮಾಜಿನಿಂದ ಬಂದ ಅಪ್ಪ ಹೊಸ್ತಿಲಲ್ಲೇ ನಿಂತು ಕೇಳಿದ.

"ಆ ಎಲುಬು ತಗಸಿಕೊಂಡು, ಮತ್ತ ಹಿಂಗ ಕೈ ತಿರುವಿ ಚೆಂಡ ಒಗದವರ ಯಾರರ ಅದಾರನ?"

"ಅದಾರಂತ. ಹೊರದೇಶದಾಗ."

"ಹೊರದೇಶದವರ ಬ್ಯಾಡ. ನಾ ಮಾತಾಡಬೇಕು ಅವರ ಜೋಡಿ. ಅವರಪ್ಪನ ಜೋಡಿ. ಒಬ್ಬರನ್ನ ತೋರಸು. ತೋರಿಸಿದರ ನಾನ ಕರಕೊಂಡ ಹೋಗತೇನಿ. ಇಲ್ಲಂದರ ಈ ಮಾತ ಇಲ್ಲಿಗೆ ಮುಗೀತು."

ಡಾಕ್ಟರು ಕೊಟ್ಟ ಆರು ತಿಂಗಳಲ್ಲಿ ಎರಡು ಉಳಿದಿವೆ. ಬೆಳಗಾವಿಯ ಡಾಕ್ಟರಿಗೆ ಕೇಳಿದೆ. ಅವರು ಆಪರೇಷನ್ ಮಾಡಿದವರಲ್ಲಿ ಪೇಂಟರ್ ಒಬ್ಬ, ಈಜುವವನೊಬ್ಬ, ಪಿಚರ್ ಯಾರೂ ಇಲ್ಲ. ಗೋಕಾಕದ ಡಾಕ್ಟರಮ್ಮನೂ ತಮ್ಮ ಜೊತೆ ಓದಿದವರನ್ನೆಲ್ಲ ವಿಚಾರಿಸುತ್ತಿದ್ದಾರೆ.

ಹೀಗಾಗಿ ಕೇಳುತ್ತಿದ್ದೇನೆ. ಧೈರ್ಯ ಹೇಳುವವರು, ದೇವರಿದ್ದಾನೆ ಅನ್ನುವವರು, ಎಣ್ಣೆಯ ಹೆಸರು ಕಳಿಸುವವರು ದಯವಿಟ್ಟು ಬರೆಯಬೇಡಿ. ಮೊದಲ ಪಕ್ಕೆಲುಬು ತೆಗೆಸಿಕೊಂಡು ಮತ್ತೆ ಸಾಫ್ಟ್‌ಬಾಲ್ ಎಸೆದವರು, ಅಥವಾ ಅಂಥವರನ್ನು ಕಣ್ಣಾರೆ ಕಂಡವರು ಇದ್ದರೆ ಬರೆಯಿರಿ. ಆಪರೇಷನ್ ಆಗಿಯೂ ಎಸೆಯಲಾಗದೆ ಹೋದವರೂ ಬರೆಯಿರಿ, ಅದನ್ನೂ ಅಪ್ಪನಿಗೆ ಓದಿ ಹೇಳುತ್ತೇನೆ. ಯಾವ ಕೈ, ಎಷ್ಟು ತಿಂಗಳಿಗೆ ಮೊದಲ ಚೆಂಡು ಎಸೆದಿರಿ, ಅದು ಎಲ್ಲಿ ಬಿತ್ತು, ಇಷ್ಟು ತಿಳಿಸಿ. ನಿಮ್ಮ ಅಪ್ಪ ಮಾತಾಡಲು ಒಪ್ಪಿದರೆ ಅದನ್ನೂ ತಿಳಿಸಿ. ನಮ್ಮಪ್ಪ ಮಧ್ಯಾಹ್ನ ಎರಡರ ನಂತರ ಅಂಗಡಿಯಲ್ಲಿ ಬಿಡುವಾಗಿರುತ್ತಾನೆ.